ಬಾಲ ಹಿಡಿದವನು

ವಿಮಲಾ ನಾಲ್ಕನೆಯ ರೊಟ್ಟಿ ತಟ್ಟುತ್ತಿದ್ದಾಗ ಬಾಗಿಲ ಚಿಲಕ ಸದ್ದಾಯಿತು. ಅಂಗೈ ತುಂಬ ಜೋಳದ ಹಿಟ್ಟು. ಮೊಣಕೈಯಿಂದಲೇ ಅಗಳಿ ಸರಿಸಿ ನೋಡಿದರೆ ಗಂಡನ ಜೊತೆ ಕೆಲಸ ಮಾಡುವ ಬೋಪಣ್ಣನ ಹೆಂಡತಿ ದೇಚಮ್ಮ. ಕೊಡೆ ಹಿಡಿದಿದ್ದರೂ ಸೀರೆ ಮೊಣಕಾಲವರೆಗೆ ತೊಯ್ದು ಕಾಲಿಗೆ ಅಂಟಿಕೊಂಡಿತ್ತು.

“ಅಕ್ಕಾ, ಶಂಕರಪ್ಪನವರು ಹೊರಟುಬಿಟ್ರಾ?”

“ಆರಕ್ಕ ಹೋದ್ರಲ್ಲ. ಯಾಕ್ರೀ, ಏನಾತು?”

“ನಮ್ಮವರಿಗೆ ರಾತ್ರಿಯಿಂದ ಸುಡು ಸುಡು ಜ್ವರ. ಎದ್ದು ನಿಲ್ಲೋಕೂ ಆಗ್ತಿಲ್ಲ. ಇವತ್ತು ಬರಲ್ಲ, ವಿಮಾನದ ಬಾಲಕ್ಕೆ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಲಿ ಅಂತ ಹೇಳಿ ಬಾ ಅಂದ್ರು.”

“ಇಂಥಾ ಮಳಿಯಾಗ ಎಂಜಿನ್ ಹಚ್ಚತಾರೇನು?”

“ಮಳೆಯಲ್ಲಿ ಹಚ್ಚಲ್ಲ. ನಿಂತ ಕೂಡ್ಲೇ ಹಚ್ತಾರಂತೆ. ಎರವಲು ತಂದ ಆ ಮುಂಬೈ ಮಿಷನ್ನು ಸಂಜೆ ರೈಲಿಗೆ ವಾಪಸ್ ಹೋಗ್ಬೇಕಲ್ಲ. ಬರ್ತೀನಿ ಅಕ್ಕ, ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.”

ದೇಚಮ್ಮ ಗಲ್ಲಿಯ ತಿರುವಿನಲ್ಲಿ ಮರೆಯಾದಳು. ವಿಮಲಾ ಒಲೆಯ ಮುಂದೆ ಬಂದು ಕೂತಳು. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಮಗ್ಗುಲು ಕರಕಾಗಿತ್ತು.

ನಾಗಪುರದಲ್ಲಿ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಲಕ್ಷ್ಮೀ ನಗರದ ಆ ಎರಡು ಕೋಣೆಯ ಬಾಡಿಗೆ ಮನೆಯ ತಗಡಿನ ಮೇಲೆ ಅದು ಸುರಿಯುವ ಸದ್ದಿಗೆ ಮಾತನಾಡಬೇಕಾದರೆ ದನಿ ಎತ್ತಬೇಕಾಗಿತ್ತು. ಕರೆಂಟು ಹೋಗಿತ್ತು. ಶಾಲೆಗೆ ರಜೆ ಕೊಟ್ಟಿದ್ದರು. ಒಂಬತ್ತು ವರ್ಷದ ಚಂಪಾ ಬೆಳಗಿನಿಂದ ಅಜ್ಜನ ಹಿಂದೆ ಬಿದ್ದು ದೆವ್ವದ ಕತೆ ಹೇಳು ಎಂದು ಪೀಡಿಸುತ್ತಿದ್ದಳು. ಅಜ್ಜ, “ದೆವ್ವಕ್ಕೂ ನೆಗಡಿ ಆಗೈತಿ, ನಾಳಿಗೆ ಬಾ ಅಂದೈತಿ” ಎಂದು ನಗಿಸಿ ನಗಿಸಿ ತಪ್ಪಿಸಿಕೊಳ್ಳುತ್ತಿದ್ದ.

ಆ ಅಜ್ಜ, ವಿಮಲಾಳ ಮಾವ ರಾಮಲಿಂಗಪ್ಪ, ಈಗ ನಡುಮನೆಯ ಹೊಸ್ತಿಲಲ್ಲಿ ಚಹದ ಬಸಿ ಹಿಡಿದು ಹಾಗೆಯೇ ನಿಂತಿದ್ದ. ದೇಚಮ್ಮನ ಮಾತೆಲ್ಲ ಅವನ ಕಿವಿಗೆ ಬಿದ್ದಿತ್ತು.

“ಬೋಪಣ್ಣ ಹೋಗಿಲ್ಲೇನು?”

“ಇಲ್ರೀ ಮಾವಾರ. ಜ್ವರ ಅಂತ.”

“ಬೋಪಣ್ಣ ಹೋಗಿಲ್ಲಾ?” ಮತ್ತೆ ಅದನ್ನೇ ಕೇಳಿದ. ಬಸಿಯಲ್ಲಿದ್ದ ಚಹ ಅಂಚಿನಿಂದ ಚೆಲ್ಲಿ ಧೋತರದ ಮೇಲೆ ಬಿತ್ತು. ಅದು ಅವನಿಗೆ ತಿಳಿಯಲಿಲ್ಲ.

ಹತ್ತಿಯ ಹೊಲಗಳಿಗೆ ಮೇಲಿನಿಂದ ಔಷಧಿ ಹೊಡೆಯುವ ಎರಡು ಸಣ್ಣ ವಿಮಾನಗಳ ಕಂಪನಿ ಅದು. ವರ್ಧಾ ರಸ್ತೆಯಾಚೆ ಹುಲ್ಲಿನ ಮೈದಾನ, ಒಂದು ತಗಡಿನ ಶೆಡ್ಡು, ಅಷ್ಟೇ. ರಾಮಲಿಂಗಪ್ಪ ಅಲ್ಲಿ ಇಪ್ಪತ್ತು ವರ್ಷ ಹೆಡ್ ಮಿಸ್ತ್ರಿಯಾಗಿದ್ದು ನಿವೃತ್ತನಾದ ಮೇಲೆ ಮಗ ಶಂಕರಪ್ಪ ಅದೇ ಕೆಲಸಕ್ಕೆ ಸೇರಿದ್ದ. ಗಂಡನ ಕೆಲಸದ ಬಗ್ಗೆ ವಿಮಲಾಳಿಗೆ ಗೊತ್ತಿದ್ದದ್ದು ಊಟದ ಹೊತ್ತಿನಲ್ಲಿ ಕೇಳಿದಷ್ಟು. ಇವತ್ತು ವಿಮಾನದ ಪಂಕಾ ತೂಗಿ ನೋಡುವ ಕೆಲಸ ಇದೆ, ಬರುವುದು ತಡವಾದೀತು ಎಂದು ಬೆಳಿಗ್ಗೆ ಹೇಳಿ ಹೋಗಿದ್ದ.

ರಾಮಲಿಂಗಪ್ಪ ತಲೆ ಎತ್ತಿ ತಗಡನ್ನು ನೋಡಿದ. “ಜೋರ ಐತಿ ಮಳಿ... ಹೊಡೀಲಿ. ಹಿಂಗ ಹೊಡೀಲಿ ಸಂಜೀತನಾ.” ಒಗೆದ ಧೋತರ ಒಣಗುವುದಿಲ್ಲ ಎಂದು ಮೂರು ದಿನದಿಂದ ಇದೇ ಮಳೆಯನ್ನು ಬೈಯುತ್ತಿದ್ದ ಮನುಷ್ಯ. ವಿಮಲಾ ಅವನ ಕಡೆ ತಿರುಗಿದಳು.

“ಯಾಕ್ರೀ ಮಾವಾರ? ಬೋಪಣ್ಣ ಇರದಿದ್ರ ಏನಾಗತೈತಿ?”

ಅವನು ಬಸಿ ಕೆಳಗಿಟ್ಟ. ಗೋಡೆಗೊರಗಿ ಕೂತು ಚಂಪಾಳನ್ನು ಹತ್ತಿರ ಕರೆದ. “ದೆವ್ವದ ಕತಿ ಬೇಕಂದಿದ್ದಿ ಅಲ್ಲಾ ಕೂಸ? ಬಾ. ಹೇಳತೀನಿ.”

ಅಷ್ಟರಲ್ಲಿ ಮನೆಯೊಡತಿ ಕಾಶಿಬಾಯಿ, ತನ್ನ ಅಡುಗೆಮನೆ ಸೋರುತ್ತಿದೆ, ಬಕೀಟು ಕೊಡು ಎಂದು ಬಂದವಳು, ಮುದುಕ ಕತೆಗೆ ಕೂತದ್ದನ್ನು ಕಂಡು ತಾನೂ ಬಕೀಟನ್ನು ಬೋರಲು ಹಾಕಿ ಅದರ ಮೇಲೆಯೇ ಕೂತಳು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಚಂಪಾ ನಡುನಡುವೆ ಮರಾಠಿಯಲ್ಲಿ ಹೇಳಬೇಕು ಎಂದು ಕರಾರಾಯಿತು. ವಿಮಲಾ ಹಿಟ್ಟಿನ ಪರಾತವನ್ನು ಹತ್ತಿರಕ್ಕೆಳೆದುಕೊಂಡಳು.

“ಈಗ ಹತ್ತು ವರ್ಷದ ಮಾತು,” ರಾಮಲಿಂಗಪ್ಪ ಶುರು ಮಾಡಿದ. “ಇದ ನಾಗಪುರ, ಇದ ಮಳಿಗಾಲ, ಇದ ಮೈದಾನ. ಅಲ್ಲಿ ಒಬ್ಬ ಹೆಡ್ ಮಿಸ್ತ್ರಿ ಇದ್ದ ಅಂತ ತಿಳಕೋರಿ. ಅವನ ಕೈಕೆಳಗ ಬಾಬು ಅನ್ನೋ ಹುಡುಗ. ಇಪ್ಪತ್ತೆರಡು ವರ್ಷ ಇರಬೇಕು... ತೆಳ್ಳಗ, ಉದ್ದಕ, ನಕ್ಕರ ಒಸಡ ಕಾಣತಿತ್ತು. ಗಾಂಧಿಬಾಗದಾಗ ಅವರವ್ವ ಬಳಿ ಮಾರತಿದ್ದಳು. ಅವನ ಕೆಲಸ ಏನು? ಬಾಲ ಹಿಡಿಯೂದು.”

“ವಿಮಾನಕ್ಕ ಬಾಲ ಇರತೈತೇನು ಅಜ್ಜಾ?”

“ಇರತೈತಿ. ಈ ಔಷಧಿ ಹೊಡಿಯೂ ವಿಮಾನ ಹೆಂಗ ಕುಂದರತೈತಿ ಅಂದ್ರ, ನಮ್ಮ ಕಪ್ಪಿ ಕುಂತಂಗ. ಮೂಗು ಮ್ಯಾಲ, ಕುಂಡಿ ಕೆಳಗ. ಮುಂದ ಎರಡು ದೊಡ್ಡ ಗಾಲಿ, ಹಿಂದ ಬಾಲದ ಬುಡಕ ಒಂದು ಪುಟಾಣಿ ಗಾಲಿ. ಮೂಗಿನ ಮ್ಯಾಲ ಪಂಕಾ. ಆ ಪಂಕಾದ ಒಂದು ರೆಕ್ಕಿ ಇನ್ನೊಂದಕ್ಕಿಂತ ಒಂದು ತೊಲಿ ಹೆಚ್ಚು ತೂಗಿದ್ರೂ ಸಾಕು, ಇಡೀ ವಿಮಾನ ಮಲೇರಿಯಾ ಬಂದಂಗ ಗಡಗಡ ನಡಗತೈತಿ, ಒಂದೊಂದ ನಟ್ಟು-ಬೋಲ್ಟು ಸಡಲತಾವು. ಅದಕ್ಕ ಆ ತೂಕ ಸರಿ ಮಾಡಬೇಕು. ಹೆಂಗ ಮಾಡತಾರ? ವಿಮಾನ ನೆಲದ ಮ್ಯಾಲ ನಿಂತಲ್ಲೇ ನಿಂತಿರಬೇಕು, ಎಂಜಿನ್ ಮಾತ್ರ ಜೋರ ಓಡಬೇಕು. ಪಂಕಾದ ಬಾಜೂಕ ಒಬ್ಬಾಂವ ಒಂದು ಮಿಣುಕು ದೀಪ ಹಿಡದು ನಿಲ್ಲತಾನ. ಆ ದೀಪದ ಬೆಳಕಿನಾಗ ತಿರಗೂ ಪಂಕಾ ನಿಂತಂಗ ಕಾಣತೈತಿ... ಹೌದು, ಗರಗರ ತಿರಗತಿರತೈತಿ, ಕಣ್ಣಿಗೆ ಮಾತ್ರ ನಿಂತಂಗ! ರೆಕ್ಕಿ ಮ್ಯಾಲಿನ ಗುರುತು ಎಲ್ಲಿ ನಿಂತೈತಿ ನೋಡಬೇಕು, ಎಂಜಿನ್ ಬಂದ ಮಾಡಬೇಕು, ಎಲ್ಲಿ ಹಗುರೈತೋ ಅಲ್ಲಿ ಸಣ್ಣ ವಾಶರ್ ಹಚ್ಚಬೇಕು, ಮತ್ತ ಎಂಜಿನ್ ಹಚ್ಚಬೇಕು. ಹಿಂಗ ಮೂರ ಸಲ, ನಾಕ ಸಲ.”

ಚಂಪಾ ಕಾಶಿಬಾಯಿಯ ಕಡೆ ತಿರುಗಿ ಎರಡು ವಾಕ್ಯದಲ್ಲಿ ಮುಗಿಸಿದಳು.

“ಏವಢಂಚ್? ಅಜ್ಜ ಅಷ್ಟುದ್ದ ಹೇಳಿದ್ದು ಇಷ್ಟೇನಾ?” ಎಂಬಂತೆ ಕಾಶಿಬಾಯಿ ಮರಾಠಿಯಲ್ಲಿ ಗದರಿದಳು. “ಅರ್ಧ ನುಂಗಬೇಡ, ಪೂರಾ ಹೇಳು.”

ವಿಮಲಾಳಿಗೆ ನಗು ಬರಲಿಲ್ಲ. ದೀಪ ಹಿಡಿದು ನಿಲ್ಲುವವನು ಯಾರು ಎಂದು ಅವಳಿಗೆ ಗೊತ್ತಿತ್ತು. ಮುಂಬೈ ಮಿಷನ್ನಿನ ಆ ದೀಪವನ್ನು ಹಿಡಿಯಲು ಕಲಿತೆ ಎಂದು ಶಂಕರಪ್ಪ ನಿನ್ನೆ ರಾತ್ರಿ ಊಟ ಬಿಟ್ಟು ಲಾಟೀನು ಎತ್ತಿ ಮಗಳಿಗೆ ತೋರಿಸಿದ್ದ.

“ಈಗ ಕೇಳ್ರಿ, ಮುಖ್ಯ ಮಾತು. ಪಂಕಾ ಮುಂದಕ್ಕ ಎಳೀತೈತಿ. ಗಾಲಿ ಮುಂದ ಮರದ ತುಂಡು ಕೊಟ್ಟು ತಡದಿರತೀವಿ. ಮುಂದ ಹೋಗಾಕ ಆಗಲಿಲ್ಲಂದ್ರ ಅದು ಏನು ಮಾಡತೈತಿ? ಬಾಲ ಎತ್ತತೈತಿ. ಬಾಲ ಎದ್ದರ ಮೂಗು ನೆಲಕ್ಕ ಬೀಳತೈತಿ... ಪಂಕಾ ತಿರಗತಿರೂ ಹಂಗ. ಬಾಜೂಕ ದೀಪ ಹಿಡದಾಂವ ಎಲ್ಲಿ ಹೋಗಬೇಕು? ಅದಕ್ಕ ನಾವು ಗಾಳಿಗೆ ಮುಖ ಮಾಡಿ ನಿಂದರಸತೀವಿ. ಒಳಗ ಪೈಲಟ್ ಕೋಲು ಹೊಟ್ಟಿಗೆ ಹತ್ತೂ ಹಂಗ ಎಳಕೊಂಡಿರಬೇಕು, ಆ ಗಾಳಿ ಬಾಲಾನ ಕೆಳಗ ಒತ್ತಲಿ ಅಂತ. ಅಷ್ಟೂ ಮಾಡಿ, ಬಾಲಾನ ದಪ್ಪ ಹಗ್ಗದಲೆ ನೆಲದಾಗಿನ ಕಬ್ಬಿಣದ ಗೂಟಕ್ಕ ಕಟ್ಟಬೇಕು. ಕಟ್ಟಾಂವ ಬಾಬು. ಮುಂದಿಂದ ಬಾಲ ಕಾಣಂಗಿಲ್ಲ. ಅದಕ್ಕ ಒಂದು ರೂಢಿ ಇತ್ತು. ಮಿಸ್ತ್ರಿ ‘ಬಾಲ?’ ಅಂತ ಕೂಗತಿದ್ದ. ಗಂಟು ಹಾಕಿ, ಜಗ್ಗಿ ನೋಡಿ, ಬಾಬು ಹಿಂದಿಂದ ‘ಬರೋಬರ್, ದಾದಾ’ ಅಂತಿದ್ದ. ಅಂದ ಮ್ಯಾಲ ಎಂಜಿನ್. ಎಲ್ಲಾ ಮುಗದು ಪಂಕಾ ಪೂರಾ ನಿಂತ ಮ್ಯಾಲ ಅಂವ ‘ಬಿಟ್ಟೆ’ ಅನ್ನಬೇಕು. ಅಂವ ‘ಬಿಟ್ಟೆ’ ಅನ್ನೂತನಾ ಬಾಲ ಅವನ ಕೈಯಾಗ. ಮಾಲಕ ಬಂದು ನಿಂತರೂ ಕೇಳೂ ಹಂಗಿಲ್ಲ.”

ಅಜ್ಜ ತಲೆ ಎತ್ತಿದ. ತಗಡಿನ ಮೇಲಿನ ಸದ್ದನ್ನು ಆಲಿಸುತ್ತಿದ್ದ. ವಿಮಲಾಳೂ ಆಲಿಸಿದಳು. ಮೊದಲಿನಷ್ಟು ಬಿರುಸಿರಲಿಲ್ಲ.

“ಅವತ್ತೂ ಹಿಂಗ, ಮುಂಬೈಯಿಂದ ಎರವಲು ತಂದ ದೀಪದ ಮಿಷನ್ನು, ಸಂಜೀ ಗಾಡಿಗೆ ವಾಪಸ್ ಕಳಸಬೇಕು. ಎರಡು ಸಲ ಓಡಿಸಿ ನೋಡಿದ್ದಾತು. ಇನ್ನೊಂದ ಸಲ ಓಡಿಸಿದ್ರ ಮುಗೀತು. ಆವಾಗ ಬಾಬು ಬಂದ. ‘ದಾದಾ, ಗೂಟ ಅಲಗಾಡಾಕತ್ತೈತಿ’ ಅಂದ. ಆ ಗೂಟ ಬ್ಯಾಸಗಿಯಾಗ ಬಡದದ್ದು. ಎರಿ ಮಣ್ಣು ನೋಡ್ರಿ ಅದು. ಬ್ಯಾಸಗಿಯಾಗ ಕಲ್ಲಾಗಿ ಹಿಡಕೋತೈತಿ, ಆನಿ ಕಟ್ಟಿದ್ರೂ ಬಿಡಂಗಿಲ್ಲ. ಮಳಿ ಬಿದ್ದರ ಬೆಣ್ಣಿ. ನವಲಗುಂದದ ಎರಿಹೊಲದಾಗ ಹುಟ್ಟಿದ ಮಿಸ್ತ್ರಿಗೆ ಇದು ಗೊತ್ತಿರಲಿಲ್ಲೇನು? ಅವರಪ್ಪ ಮಳಿಗಾಲ ಬಂತಂದ್ರ ಎತ್ತಿನ ಗೂಟ ಕಿತ್ತು ಗರಸಿನ ಜಾಗಾದಾಗ ಬಡೀತಿದ್ದ. ಕಣ್ಣಾರೆ ನೋಡಿ ಬೆಳದಾಂವ. ಆದ್ರೂ... ವಿಮಾನ ದಬ್ಬಿಕೊಂಡು ಬ್ಯಾರೆ ಜಾಗಾಕ ಒಯ್ಯಬೇಕು, ಹೊಸಾ ಗೂಟ ಬಡೀಬೇಕು, ಒಂದು ತಾಸಿನ ಕೆಲಸ. ಗಾಡಿ ಹೋಗತೈತಿ. ನಾ ಅಂದೆ, ‘ಹಂಗಾದ್ರ ನೀ ಬಾಲದ ಮ್ಯಾಲ ಬಿದ್ದು ಹಿಡ್ಕೋ. ಒಂದ ಸಲ. ಎರಡು ನಿಮಿಷ.’”

ನಾ ಅಂದೆ. ವಿಮಲಾಳ ಕೈ ಹಿಟ್ಟಿನಲ್ಲಿಯೇ ನಿಂತಿತು. ಒಬ್ಬ ಹೆಡ್ ಮಿಸ್ತ್ರಿ ಇದ್ದ ಎಂದು ಶುರುವಾದ ಕತೆ. ತಾನು ಏನು ಹೇಳಿದೆ ಎಂಬುದು ಮುದುಕನಿಗೆ ಗೊತ್ತಾದಂತೆ ಕಾಣಲಿಲ್ಲ. ಚಂಪಾ ಮರಾಠಿ ಮಾಡುವುದನ್ನು ಬಿಟ್ಟಿದ್ದಳು. ಕಾಶಿಬಾಯಿಯೂ ಕೇಳುವುದನ್ನು ಬಿಟ್ಟು ಮುದುಕನ ಮುಖವನ್ನೇ ನೋಡುತ್ತಿದ್ದಳು.

“ನಕ್ಕ ಬಾಬು. ‘ನನ್ನ ತೂಕ ಎಷ್ಟೈತಿ ದಾದಾ, ನಿಮ್ಮ ಹೊಟ್ಟಿ ಇದ್ದಿದ್ರ ಬ್ಯಾರೆ ಮಾತು’ ಅಂದ. ಹೋಗಿ ಬಾಲದ ರೆಕ್ಕಿ ಮ್ಯಾಲ ಅಡ್ಡ ಬಿದ್ದ, ಎರಡೂ ಕೈಲೆ ತಬ್ಬಿ ಹಿಡದ. ನಾ ಮುಂದ ಬಂದು ‘ಬಾಲ?’ ಅಂದೆ. ‘ಬರೋಬರ್, ದಾದಾ’ ಅಂದ. ಎಂಜಿನ್ ಜೋರ ಆತು. ನಾ ದೀಪ ಹಿಡದು ಪಂಕಾ ನೋಡಾಕತ್ತಿದ್ದೆ... ನಿಂತಂಗ ಕಾಣೂ ಪಂಕಾ. ಅದು ಒಮ್ಮಿಲೆ ಕೆಳಗ ಇಳೀತು. ಹೊಲದಾಗಿನ ಗಜ್ಜರಿ ಕಿತ್ತಂಗ ಗೂಟ ಕಿತ್ತು ಬಂದಿತ್ತು. ನಾ ಹಿಂದಕ್ಕ ಹಾರಿ ಬಿದ್ದೆ. ಪಂಕಾ ನೆಲಕ್ಕ ಬಡದು, ಮಣ್ಣು ಮುಗಲಿಗೆ ಹಾರಿ, ಬಾಲ ಮ್ಯಾಲ ಎದ್ದು... ಎದ್ದು... ಇಡೀ ವಿಮಾನ ಬೋರಲ ಬಿತ್ತು. ಬಾಲ ಏಳೂವಾಗ ಅಂವ ಕೈ ಬಿಟ್ಟಿದ್ರ ಸಾಕಾಗಿತ್ತು. ಕೆಸರಾಗ ಬೀಳತಿದ್ದ, ಕಾಲು ಮುರಕೋತಿದ್ದ. ಬಿಡಲಿಲ್ಲ. ಕಡೀತನಾ ಹಿಡಕೊಂಡಿದ್ದ. ಅದರ ಬುಡಕನ ಹ್ವಾದ.”

“ಅಯ್ಯ ಶಿವನ,” ವಿಮಲಾ ಅಂದಳು.

“ಅಜ್ಜಾ, ಮತ್ತ...” ಚಂಪಾ ಬಾಯಿ ತೆರೆದಳು.

“ಸುಮ್ಕ ಕೇಳು,” ತಾಯಿ ಅವಳ ತೊಡೆಯ ಮೇಲೆ ಕೈಯಿಟ್ಟಳು. ಹಿಟ್ಟಿನ ಬೆರಳ ಗುರುತು ಲಂಗದ ಮೇಲೆ ಮೂಡಿತು.

“ಎಲ್ಲಾ ಮುಗೀತು ಅಂತ ತಿಳಕೊಂಡೆ. ಹೊಸಾ ವಿಮಾನ ಬಂತು. ನಾನ ನಿಂತು ಸಿಮೆಂಟು ಹಾಕಿಸಿ ಅದರಾಗ ಕಬ್ಬಿಣದ ಬಳಿ ಕೂಡಿಸಿದೆ, ಎಷ್ಟು ಜಗ್ಗಿದ್ರೂ ಅಲಗಾಡದಂಥಾದ್ದು. ಬಾಲಕ್ಕ ಹೊಸಾ ಆಳು ಬಂದ, ಇದ ಬೋಪಣ್ಣ. ಎಂಟ ತಿಂಗಳಾದ ಮ್ಯಾಲ ಮತ್ತ ಪಂಕಾದ ಕೆಲಸ ಬಂತು. ಹಾಡಹಗಲು, ಹತ್ತು ಗಂಟೆ, ರಣ ಬಿಸಲು. ಪೈಲಟ್ ಒಳಗ ಕುಂತ. ನಾ ಮುಂದ ದೀಪ ಸರಿ ಮಾಡಕೋತ, ಹಿಂದ ನೋಡಲಾರದ, ರೂಢಿ ಪ್ರಕಾರ ‘ಬಾಲ?’ ಅಂದೆ. ಹಿಂದಿಂದ ಉತ್ತರ ಬಂತು. ‘ಬರೋಬರ್, ದಾದಾ.’ ನಾ ಪೈಲಟ್‌ಗೆ ಕೈ ಎತ್ತಿದೆ. ಅಂವ ಇನ್ನೇನ ಎಂಜಿನ್ ಹಚ್ಚಬೇಕು... ಎದರಿಗೆ ಶೆಡ್ಡಿನಿಂದ ಬೋಪಣ್ಣ ಬರಾಕತ್ತಾನ. ಹೆಗಲ ಮ್ಯಾಲ ಹಗ್ಗದ ಸುರುಳಿ. ಇನ್ನೂ ಕಟ್ಟೇ ಇಲ್ಲ!”

ಕಾಶಿಬಾಯಿ ಬಕೀಟಿನಿಂದ ಎದ್ದು ಕೆಳಗೆ, ವಿಮಲಾಳ ಪಕ್ಕಕ್ಕೆ ಸರಿದು ಕೂತಳು. ಅವಳಿಗೆ ‘ಬರೋಬರ್’ ಎಂಬ ಒಂದು ಮಾತು ಬಿಟ್ಟು ಮತ್ತೇನೂ ತಿಳಿದಿರಲಿಲ್ಲ. ಅಷ್ಟೇ ಸಾಕಾಗಿತ್ತು.

“ಕೈ ಬೀಸಿ ಬೀಸಿ ನಿಂದರಸಿದೆ. ಹಿಂದ ಹೋಗಿ ನೋಡಿದೆ. ಬಾಲದ ಹತ್ರ ಯಾರಿಲ್ಲ. ಹುಲ್ಲು ಮಾತ್ರ ನೆಲಕ್ಕ ಒತ್ತಿದಂಗಿತ್ತು... ಯಾರೋ ಈಗ ಅಲ್ಲಿ ನಿಂತು ಹಿಮ್ಮಡಿ ಊರಿದಂಗ. ಬಿಸಲಾಗ ನನ್ನ ಮೈ ತಣ್ಣಗಾತು. ಮನಸಿನ ಭ್ರಮಾ ಅಂದಕೊಂಡೆ. ಎಲ್ಲಾರೂ ಊಟಕ್ಕ ಹ್ವಾದ ಮ್ಯಾಲ ಒಬ್ಬನ ನಿಂತು ಮತ್ತ ಕರದೆ. ಬಂತು ಉತ್ತರ. ಅದ ದನಿ, ಅದ ನಗಿ. ಯಾವಾಗ ಕರದ್ರೂ ಬರತಿತ್ತು. ಹಗ್ಗ ಇರಲಿ, ಇರದಿರಲಿ, ಗಂಟು ಬೀಳೂಕ್ಕಿಂತ ಮೊದಲ ಬರತಿತ್ತು.”

“ಕೆಟ್ಟ ದೆವ್ವ ಏನಜ್ಜಾ ಅದು? ಕೊಲ್ಲಾಕ ಬಂದಿತ್ತೇನು?”

“ಛೇ!” ಮುದುಕ ಗದರಿದ. ಕಣ್ಣು ತುಂಬಿದ್ದವು. “ನಮ್ಮ ಬಾಬು ಕೆಟ್ಟಾಂವ ಅಲ್ಲ. ಅಂವ ಸುಳ್ಳ ಹೇಳಾಂವನೂ ಅಲ್ಲ. ಅಂವ ‘ಬಿಟ್ಟೆ’ ಅಂದ ಇಲ್ಲಲ್ಲಾ... ಹಿಡದ ಬಾಲ ಇನ್ನೂ ಹಿಡದಾನ. ನಾ ಕೇಳಿದ್ರ ಖರೇನ ಹೇಳತಾನ, ಬರೋಬರ್ ಅಂತ. ಆದ್ರ ಹಿಡಿಯಾಕ ತೂಕ ಬೇಕಲ್ಲವಾ ಕೂಸ? ಈಗ ಅವಂಗ ತೂಕ ಎಲ್ಲೈತಿ?”

ತಗಡಿನ ಸದ್ದು ಇಳಿಯುತ್ತ ಬಂದಿತ್ತು. ಅಜ್ಜ ಈಗ ದನಿ ಎತ್ತಬೇಕಾಗಿರಲಿಲ್ಲ. ಅವನ ಪಿಸುಮಾತು ಕೂಡ ಕೇಳಿಸುತ್ತಿತ್ತು.

“ಅವತ್ತಿಂದ ನಾ ಕರಿಯೂದ ಬಿಟ್ಟೆ. ಬೋಪಣ್ಣಗ ಒಂದು ಕೆಂಪು ಅರಿವಿ ಕೊಟ್ಟೆ. ಗಂಟು ಹಾಕಿ, ಬಾಜೂಕ ಬಂದು, ನನ್ನ ಕಣ್ಣಿಗೆ ಕಾಣೂ ಹಂಗ ಅದನ್ನ ಬೀಸಬೇಕು, ಬಾಯಿ ಬಿಡಬಾರದು ಅಂದೆ. ಅದಾದ ಮ್ಯಾಲೂ ನಾನ ಹಿಂದ ಹೋಗಿ ಹಗ್ಗ ಮುಟ್ಟಿ ಬರತಿದ್ದೆ. ಯಾಕ ಅಂತ ಬೋಪಣ್ಣ ಒಂದಿನಾನೂ ಕೇಳಲಿಲ್ಲ. ಸಾದಾ ಮನಷಾ.”

ಕೆಂಪು ಅರಿವೆ. ವಿಮಲಾಳಿಗೆ ನೆನಪಾಯಿತು, ಹೋದ ತಿಂಗಳು ಊಟಕ್ಕೆ ಕೂತಾಗ ಶಂಕರಪ್ಪ ನಕ್ಕಿದ್ದ. “ಬೋಪಣ್ಣಂದೊಂದು ಹುಚ್ಚು ನೋಡು. ಬಾಯಿ ಇಲ್ಲದಾವರಂಗ ಅರಿವಿ ಬೀಸತಾನ, ರೇಲ್ವೆ ಗಾರ್ಡಿನಂಗ. ನಾ ಸುಮ್ಮನ ‘ಬಾಲ?’ ಅಂತ ಕೂಗಬೇಕಂದ್ರ ಕೈ ಮುಗದು ಬ್ಯಾಡ ಅಂತಾನ.” ಆಗ ಇದೇ ಮಾವ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ. ತಾಟಿನಿಂದ ತಲೆ ಎತ್ತಿರಲಿಲ್ಲ.

ಇವತ್ತು ಅಲ್ಲಿ ಬೋಪಣ್ಣ ಇಲ್ಲ. ಯಾರೋ ದಿನಗೂಲಿಯವನನ್ನು ಹಿಡಿದು ಬಾಲಕ್ಕೆ ನಿಲ್ಲಿಸುತ್ತಾರೆ. ಅವನು ಹಗ್ಗ ತರಲು ಹೋಗಿರುತ್ತಾನೆ, ಬೀಡಿ ಸೇದಲು ಹೋಗಿರುತ್ತಾನೆ. ದೀಪ ಹಿಡಿದ ಶಂಕರಪ್ಪ ಪಂಕಾದ ಪಕ್ಕದಲ್ಲಿ, ಹಿಂದೆ ನೋಡದೆ, ಒಂದು ಮಾತು ಕೂಗುತ್ತಾನೆ.

ಅವಳು ಒಲೆ ಆರಿಸಿದಳು. ಕೈ ತೊಳೆಯಲಿಲ್ಲ. ಮೂಲೆಯ ಕಿರಾಣಿ ಅಂಗಡಿಯ ಫೋನು ಮೂರು ದಿನದಿಂದ ಸತ್ತಿತ್ತು. ಆಟೋ ಸಿಕ್ಕರೆ ಮುಕ್ಕಾಲು ತಾಸಿನ ದಾರಿ. ಒಂದು ಮಾತು ಮಾವನನ್ನು ಕೇಳಬೇಕಾಗಿತ್ತು. ಉತ್ತರ ಅವಳಿಗೆ ಗೊತ್ತಿತ್ತು. ಕೇಳಿದರೆ ಅದು ನಿಜವಾಗುತ್ತದೆ ಎಂಬಂತೆ ಅದನ್ನು ಮುಂದೂಡಿದಳು. ಬಾಗಿಲಲ್ಲಿ ನಿಂತು ಚಪ್ಪಲಿಯೊಳಗೆ ಕಾಲು ತೂರಿಸಿದಳು.

“ಹೋದ ದೀಪಾವಳಿ ಮುಂದ,” ರಾಮಲಿಂಗಪ್ಪ ಯಾರಿಗೂ ಅಲ್ಲದಂತೆ ಹೇಳುತ್ತಿದ್ದ, “ಉಂಡಿ-ಚಕ್ಕಲಿ ಫರಾಳ ಕೊಡೂ ನೆವದಲೆ ನಾ ಅಲ್ಲಿಗೆ ಹೋಗಿದ್ದೆ. ಎಲ್ಲಾರೂ ಶೆಡ್ಡಿನಾಗಿದ್ರು. ಮೈದಾನದಾಗ ವಿಮಾನ ಇರಲಿಲ್ಲ, ಬರೇ ಹುಲ್ಲು. ಮೆಲ್ಲಕ ಕರದೆ. ಬಾಯಿ ಒಳಗ ಅಂದಕೊಂಡಂಗ ಕರದೆ... ಒಂಬತ್ತು ವರ್ಷದಾಗ ಅವನ ದನಿ ಒಂದು ಎಳಿನೂ ಬದಲಾಗಿಲ್ಲ. ದಾದಾ ಅಂದ. ಅಂದ ಮ್ಯಾಲ... ಈ ಹೊತ್ತು ಯಾರು ಕರದ್ರೂ ಅನ್ನತಾನ.”

ಆಗ ಮನೆಯೊಳಗೆ ಎಲ್ಲರಿಗೂ ಒಟ್ಟಿಗೆ ಗೊತ್ತಾಯಿತು: ಮಳೆ ನಿಂತಿತ್ತು. ತಗಡಿನ ಅಂಚಿನಿಂದ ಒಂದೊಂದೇ ಹನಿ ಬೀಳುತ್ತಿತ್ತು. ಅಂಗಳದಲ್ಲಿ ಬಿಸಿಲು ಬಿತ್ತು. ಮುದುಕ ಬಾಗಿಲ ಬೆಳಕನ್ನು ನೋಡಿ ಏಳಲು ಹೋದ, ಗೋಡೆ ಹಿಡಿದ, ಮತ್ತೆ ಕುಸಿದು ಕೂತ. ಚಂಪಾ ತಾಯಿಯ ಕಾಲಿನ ಚಪ್ಪಲಿಯನ್ನು ನೋಡಿದಳು, ಅಜ್ಜನ ಮುಖವನ್ನು ನೋಡಿದಳು. ಈ ಸಲ ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

“ಅಜ್ಜಾ, ಇದನ್ನ ಅಪ್ಪಗ ಯಾವತ್ತರ ಹೇಳಿದ್ದಿಯೇನು?”